ಮಳೆಗಾಲದ ಜಿಪ್ಪು

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ; ಹೊಸನಗರದ ಹುಲಿಕಲ್ ಅದಕ್ಕೇ ಪೈಪೋಟಿ ಕೊಡುತ್ತದೆ. 1913ರಲ್ಲಿ ಇಂದಿನ ಮಾದರಿಯ ಜಿಪ್ಪನ್ನು ರೂಪಿಸಿದ ಗಿಡಿಯನ್ ಸುಂಡ್‌ಬ್ಯಾಕ್ ಈ ಕಡೆ ಒಂದು ಆಷಾಢ ಕಳೆದಿದ್ದರೆ, ಗುಂಡಿಯೇ ಸಾಕು ಎನ್ನುತ್ತಿದ್ದರೋ ಏನೋ.

ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹೊರಡುವ ಹೊತ್ತಿಗೇ ಜರ್ಕಿನ್ನಿನ ಜಿಪ್ಪು ಎದೆಮಟ್ಟಕ್ಕೆ ಬಂದು ಧರಣಿ ಕೂರುತ್ತದೆ. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಜಗ್ಗಾಡಿದರೆ ಕೈಗೆ ಬರುವುದು ಅದರ ಹಿಡಿ ಮಾತ್ರ. ಹಲ್ಲಿನ ಸಂದಿಯ ಕೆಂಪು ಮಣ್ಣಿಗೆ ಹಳೇ ಟೂತ್‌ಬ್ರಷ್ಷು, ಸೋಪಿನ ನೀರು ಸಾಕು. ಒಣಗಿದ ಮೇಲೆ ಮೇಣದಬತ್ತಿ ಉಜ್ಜಬೇಕು. ಲೋಹದ ಹಲ್ಲಾದರೆ ಪೆನ್ಸಿಲ್ ಸೀಸವೂ ಆದೀತು. ಕೊಬ್ಬರಿ ಎಣ್ಣೆ ಮಾತ್ರ ಬೇಡ: ಬಟ್ಟೆಗೆ ಕಲೆ, ಹಲ್ಲಿಗೆ ಇನ್ನಷ್ಟು ಧೂಳು.

ಮುಚ್ಚಿದ ಜಿಪ್ಪು ಹಿಂದಿನಿಂದಲೇ ಬಾಯಿ ಬಿಡುತ್ತದೆಯೇ? ಹಲ್ಲು ನೆಟ್ಟಗಿದ್ದರೆ ತಪ್ಪು ಸಾಮಾನ್ಯವಾಗಿ ರನ್ನರಿನದು, ಸವೆದು ಸಡಿಲವಾಗಿರುತ್ತದೆ. ಅದರ ಹಿಂಬದಿಯ ಎರಡೂ ಅಂಚನ್ನು ಇಕ್ಕಳದಲ್ಲಿ ಹದವಾಗಿ ಒತ್ತಬೇಕು. ಪೌರುಷ ತೋರಿಸಿದರೆ ರನ್ನರೇ ಮುರಿದು, ಟೈಲರ್ ಅಂಗಡಿಗೆ ನಡೆಯಬೇಕು.

ಇನ್ನು ಬಚ್ಚಲೊಲೆಯ ಮೇಲೆ ಬಟ್ಟೆ ಒಣಗಿಸುವ ಮಲೆನಾಡಿನ ಪದ್ಧತಿ. ನೈಲಾನ್ ಹಲ್ಲು ಒಮ್ಮೆ ಶಾಖಕ್ಕೆ ಸೊಟ್ಟಗಾದರೆ ಮೇಣವೂ ನಡೆಯದು, ಇಕ್ಕಳವೂ ನಡೆಯದು. ಇಡೀ ಜಿಪ್ಪನ್ನೇ ಬದಲಿಸಬೇಕು.