ಕಾಚಿಗುಡದ ಬ್ರಾಹ್ಮೀ ಮುಹೂರ್ತ

ಹಾಸಿಗೆಯ ಪಕ್ಕದಲ್ಲಿಡುವ ಗಡಿಯಾರ ರೇಡಿಯೊ ಎಂಬುದು ಎರಡು ಯಂತ್ರಗಳು ಒಂದೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಂಸಾರ ಹೂಡಿರುವ ಸಾಧನವಾಗಿದ್ದು, ಬಹುತೇಕ ಸಂಸಾರಗಳಂತೆ ಇಲ್ಲಿಯೂ ಒಬ್ಬರು ಹೋದ ಊರಿಗೆ ಹೊಂದಿಕೊಳ್ಳುತ್ತಾರೆ, ಇನ್ನೊಬ್ಬರು ತವರಿನ ಲೆಕ್ಕವನ್ನು ಬಿಡುವುದಿಲ್ಲ. ತಿರುಗುಗುಂಡಿಯ ರೇಡಿಯೊ ಭಾಗವು ಹೈದರಾಬಾದಿಗೆ ಬಂದರೆ 738 ಕಿಲೋಹರ್ಟ್ಸ್‌ನ ಸ್ಥಳೀಯ ಆಕಾಶವಾಣಿಯನ್ನು ತಕರಾರಿಲ್ಲದೆ ಹಿಡಿಯುತ್ತದೆ. ರಾತ್ರಿ ಮಧ್ಯಮ ತರಂಗಗಳು ವಾಯುಮಂಡಲದ ಮೇಲ್ಪದರದಿಂದ ಪ್ರತಿಫಲಿಸಿ ದೂರ ಸಾಗುವುದರಿಂದ 612ರ ಬೆಂಗಳೂರು ಕೇಂದ್ರವನ್ನೂ ಕೆಮ್ಮುತ್ತ ಕೆಮ್ಮುತ್ತ ತಂದುಕೊಡುತ್ತದೆ. ಗಡಿಯಾರ ಭಾಗದ ಸ್ವಭಾವ ಬೇರೆ. ಅಮೆರಿಕದ ಮಾರುಕಟ್ಟೆಗೆಂದು ಮಾಡಿದ ಇಂಥ ಅನೇಕ ಗಡಿಯಾರಗಳು ಗೋಡೆಯಿಂದ ಬರುವ ವಿದ್ಯುತ್ತಿನ ಆವರ್ತನವನ್ನು, ಅಂದರೆ ಪರ್ಯಾಯ ವಿದ್ಯುತ್ತು ಒಂದು ಸೆಕೆಂಡಿನಲ್ಲಿ ಪೂರೈಸುವ ಸುತ್ತುಗಳನ್ನು, ಎಣಿಸಿ ಹೊತ್ತು ಹೇಳುತ್ತವೆ. ಅಲ್ಲಿ ಸೆಕೆಂಡಿಗೆ 60 ಸುತ್ತು, ಇಲ್ಲಿ 50. ಅರವತ್ತು ಎಣಿಸುವವರೆಗೆ ಸೆಕೆಂಡು ಮುಗಿಯಿತೆಂದು ಒಪ್ಪದ ಈ ಯಂತ್ರವು ಭಾರತದಲ್ಲಿ ಗಂಟೆಗೆ 10 ನಿಮಿಷದಂತೆ, ದಿನಕ್ಕೆ 4 ಗಂಟೆ ಹಿಂದೆ ಬೀಳುತ್ತದೆ. 230 ವೋಲ್ಟನ್ನು 110ಕ್ಕೆ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಯಂತ್ರವನ್ನು ಸುಟ್ಟುಹೋಗದಂತೆ ಕಾಯುತ್ತದೆಯೇ ಹೊರತು ಅದರ ಎಣಿಕೆಯನ್ನು ತಿದ್ದುವುದಿಲ್ಲ.

ಪ್ರಸ್ತುತ ಅಧ್ಯಯನಕ್ಕೆ ಒಳಗಾದ ಯಂತ್ರವನ್ನು ನ್ಯೂಜೆರ್ಸಿಯ ಮಗನು ಹೈದರಾಬಾದಿನ ಕಾಚಿಗುಡದಲ್ಲಿರುವ ತಂದೆಯ, ಎಂದರೆ ಈ ಮನೆಯ ಅಜ್ಜನವರ, ಹಾಸಿಗೆಯ ಪಕ್ಕಕ್ಕೆ ತಂದಿಟ್ಟು, ಟ್ರಾನ್ಸ್‌ಫಾರ್ಮರ್ ಕೊಡಿಸಿ, ವಿಮಾನ ಹತ್ತಿದನು. ಈ ಮನೆತನದ ಹಿರಿಯರು ರಾಯಚೂರಿನಿಂದ ಹೈದರಾಬಾದಿಗೆ ಬಂದಾಗ ಎರಡೂ ಊರುಗಳು ಒಂದೇ ಸಂಸ್ಥಾನದಲ್ಲಿದ್ದವು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದ್ದರಿಂದ, ಅವರು ಒಂದು ಪಾತ್ರೆಯನ್ನೂ ಕದಲಿಸದೆ ಹೊರನಾಡಿಗರಾದರು. ಇಷ್ಟು ದೊಡ್ಡ ಬದಲಾವಣೆಯನ್ನು ಜಗಳವಿಲ್ಲದೆ ಅರಗಿಸಿಕೊಂಡ ಮನೆಯು ಒಂದು ಅಲಾರಮಿನಿಂದ ಎರಡು ಪಕ್ಷವಾದುದು ವಿಚಾರಯೋಗ್ಯ ಸಂಗತಿ.

ಸುರಕ್ಷತೆಯ ನಿಯಮಗಳು ಸರಳವಾಗಿವೆ. ಯಂತ್ರದ ಗಾಳಿಕಿಂಡಿಗಳನ್ನು ಮುಚ್ಚಬಾರದು, ತಂತಿಯನ್ನು ಗಾದಿಯ ಕೆಳಗೆ ತೂರಿಸಬಾರದು, ನೀರನ್ನು ಹತ್ತಿರ ಇಡಬಾರದು, ಗುಡುಗು ಸಿಡಿಲಿನ ಹೊತ್ತಿನಲ್ಲಿ ಪ್ಲಗ್ಗನ್ನು ಕಿತ್ತಿಡಬೇಕು. ಅಜ್ಜಿಯು ಮೊದಲ ದಿನವೇ ಯಂತ್ರಕ್ಕೆ ಕುಂಕುಮವಿಟ್ಟು, ಧೂಳು ಕೂಡಬಾರದೆಂದು ಕ್ರೋಶಾ ಮುಸುಕು ಹೊದಿಸಿದ್ದು ಮೊದಲನೆಯ ನಿಯಮದ ಉಲ್ಲಂಘನೆಯಾದರೆ, ಟ್ರಾನ್ಸ್‌ಫಾರ್ಮರ್ ಹದವಾಗಿ ಬೆಚ್ಚಗಿರುವುದನ್ನು ಕಂಡುಹಿಡಿದು ಅದರ ಮೇಲೆ ಕುಡಿಯುವ ನೀರಿನ ತಾಮ್ರದ ತಂಬಿಗೆಯನ್ನು ಇಟ್ಟದ್ದು ಮೂರನೆಯದರ ಉಲ್ಲಂಘನೆ. ಸೊಸೆಯು ತಂಬಿಗೆಯನ್ನು ಅಡುಗೆಮನೆಗೆ ಸಾಗಿಸಿದಳು. ಅದು ಸಂಜೆಯೊಳಗೆ ಸ್ವಸ್ಥಾನಕ್ಕೆ ಮರಳಿತು. ಕೊನೆಗೆ ಟ್ರಾನ್ಸ್‌ಫಾರ್ಮರನ್ನೇ ಗೋಡೆಯ ಎತ್ತರದ ಹಲಗೆಗೆ ಏರಿಸಲಾಯಿತು. ಡಬ್ಬಿಯ ತಳದಲ್ಲಿ 9 ವೋಲ್ಟಿನ ಬ್ಯಾಟರಿಯೊಂದನ್ನು ಹಾಕುವ ಕ್ರಮವೂ ಇದ್ದು, ಕರೆಂಟು ಹೋದಾಗ ಗಡಿಯಾರವು ತನ್ನೊಳಗಿನ ಆಂದೋಲಕದ, ಎಂದರೆ ಸ್ವಂತ ಎಣಿಕೆಯ ಮಂಡಲದ, ಆಧಾರದಿಂದ ನಡೆಯುತ್ತದೆ. ಪರಿಣಾಮವಾಗಿ, ಈ ಮನೆಯಲ್ಲಿ ಅದು ಸುಮಾರಾಗಿ ಸರಿಯಾದ ವೇಗದಲ್ಲಿ ನಡೆಯುವುದು ಕರೆಂಟು ಇಲ್ಲದಾಗ ಮಾತ್ರ.

ವಿವಾದದ ಮೂಲವು ಮೇ ತಿಂಗಳ ಒಂದು ಮುಂಜಾವಿನಲ್ಲಿದೆ. ನಿವೃತ್ತ ಗಣಿತ ಶಿಕ್ಷಕರಾದ ಅಜ್ಜನವರು ರಾತ್ರಿ 9ಕ್ಕೆ ಗಡಿಯಾರವನ್ನು ಸರಿಪಡಿಸಿ, ಬ್ರಾಹ್ಮೀ ಮುಹೂರ್ತಕ್ಕೆಂದು, ಅಂದರೆ ಸೂರ್ಯೋದಯಕ್ಕೆ 96 ನಿಮಿಷ ಮೊದಲು ಆರಂಭವಾಗಿ 48 ನಿಮಿಷ ಇರುವ ಪುಣ್ಯಕಾಲಕ್ಕೆಂದು, 4.30ಕ್ಕೆ ರೇಡಿಯೊ ಹಾಡುವಂತೆ ಇಟ್ಟು ಮಲಗಿದರು. ಯಂತ್ರವು ತನ್ನ ಏಳೂವರೆ ಗಂಟೆಗಳನ್ನು ಎಣಿಸಿ ಮುಗಿಸುವಷ್ಟರಲ್ಲಿ ಊರಿನ ಒಂಬತ್ತು ಗಂಟೆಗಳು ಕಳೆದು, ಜಗತ್ತಿಗೆಲ್ಲ 6 ಆಗಿತ್ತು. ಅಜ್ಜನವರು ಎದ್ದು, ಕೆಂಪು ಅಂಕಿಗಳಲ್ಲಿ 4.30 ಎಂಬುದನ್ನು ಓದಿ, ಕಿಟಕಿಯ ಬೆಳಕನ್ನು ಪಾಲಿಕೆಯವರ ಹೊಸ ಎಲ್‌ಇಡಿ ದೀಪವೆಂದು ತೀರ್ಮಾನಿಸಿ, ಬಚ್ಚಲಮನೆಯನ್ನು ವಶಪಡಿಸಿಕೊಂಡರು. ಆರೂವರೆಯ ಕೋಚಿಂಗ್ ತರಗತಿಗೆ ಹೊರಟ ಮೊಮ್ಮಗಳು ಬಾಗಿಲು ಬಡಿದಾಗ ಒಳಗಿನಿಂದ ಬಂದ ಉತ್ತರವು ಮನೆತನದ ಶಾಸನಗಳಲ್ಲಿ ಸೇರತಕ್ಕದ್ದು: “ಇನ್ನಾ ಐದು ಆಗಿಲ್ಲ, ಮಕ್ಕೋ ಹೋಗವಾ!”

ಇಲ್ಲಿಂದ ಮುಂದೆ ಅಜ್ಜನವರ ಪೂರ್ವಪಕ್ಷ. ಅವರ ಕೈಗಡಿಯಾರವಾದ ಹಳೆಯ ಎಚ್‌ಎಂಟಿಯು 6 ದಾಟಿದೆ ಎಂದಾಗ, ಅದಕ್ಕೆ ಕೀಲಿ ಹೆಚ್ಚಾಗಿದೆಯೆಂದರು. ಇಡೀ ನೌಕರಿಯುದ್ದಕ್ಕೂ ಗಂಟೆ ಬಾರಿಸಲು ಅದನ್ನೇ ನಂಬಿದ್ದ ಮನುಷ್ಯನು ಒಂದು ನಿಮಿಷದಲ್ಲಿ ಅದನ್ನು ಸುಳ್ಳುಗಾರನ ಸಾಲಿಗೆ ಸೇರಿಸಿದ್ದು ಮನೆಯವರನ್ನು ದಂಗುಬಡಿಸಿತು. ಮೊಮ್ಮಗಳು ಮೊಬೈಲು ತೋರಿಸಲು, ಭಾರತೀಯ ಕಾಲಮಾನವು 82.5 ಡಿಗ್ರಿ ರೇಖಾಂಶದ್ದೆಂದೂ, ಹೈದರಾಬಾದು ಅದಕ್ಕೆ ಸುಮಾರು 4 ಡಿಗ್ರಿ ಪಶ್ಚಿಮದಲ್ಲಿರುವುದೆಂದೂ, ಡಿಗ್ರಿಗೆ 4 ನಿಮಿಷದಂತೆ 16 ನಿಮಿಷ ಕಳೆಯಬೇಕೆಂದೂ ಮೈತುಂಬ ಸೋಪು ಇರುವಾಗಲೇ ಬಾಗಿಲ ಸಂದಿಯಿಂದ ಪಾಠ ಮಾಡಿದರು. ಪಾಠ ನಿರ್ದುಷ್ಟವಾಗಿತ್ತು. ಉಳಿದ 74 ನಿಮಿಷಗಳನ್ನು ಅವರು ವೋಲ್ಟೇಜಿನ ತಲೆಗೆ ಕಟ್ಟಿದರು.

ನಿರ್ಣಾಯಕ ಆಕ್ಷೇಪವನ್ನು ಎತ್ತಿದವರು ಭೌತಶಾಸ್ತ್ರದ ಗಂಧವಿಲ್ಲದ ಅಜ್ಜಿ. ಆಕಾಶವಾಣಿಯ ಬೆಳಗಿನ ಪ್ರಸಾರ ಆರಂಭವಾಗುವುದು 6ಕ್ಕೆ ಸ್ವಲ್ಪ ಮುಂಚೆ. ನಿಜವಾದ ನಾಲ್ಕೂವರೆಗೆ ಆ ಯಂತ್ರದಿಂದ ಹೊರಡಬೇಕಾದದ್ದು ಬರಿಯ ಸುಸ್ಸೆಂಬ ಶಬ್ದ, ಹೊರಟದ್ದಾದರೋ ತೆಲುಗು ಭಕ್ತಿಗೀತೆ. “ನಿಮ್ಮ ಸಲುವಾಗಿ ಆಕಾಶವಾಣಿಯವರೂ ನಾಕೂವರಿಗೆ ಎದ್ದಾರೇನು?” ಎಂಬ ಅಜ್ಜಿಯ ಪ್ರಶ್ನೆಗೆ ಅಜ್ಜನವರ ಬಳಿ ಉತ್ತರವಿರಲಿಲ್ಲ, ಒಂದೆರಡು ತಂಬಿಗೆ ನೀರು ಸುರಿದುಕೊಂಡ ಸದ್ದು ಮಾತ್ರ ಕೇಳಿಬಂತು.

ಗಣಿತದಲ್ಲಿ ಪಳಗಿದವರು ಅರವತ್ತಕ್ಕೂ ಐವತ್ತಕ್ಕೂ ಇರುವ ಅಂತರವನ್ನು ಕಾಣದೆಹೋದರೆಂದು ಭಾವಿಸುವುದು ಅವಸರದ ತೀರ್ಪಾದೀತು. ಅವರ ದಿನಚರಿಯ ಹಿಂಬದಿಯ ಪುಟದಲ್ಲಿ 9 ಗಂಟೆ ಭಾಗಿಸು 6, ಗುಣಿಸು 5 ಎಂಬ ಲೆಕ್ಕವು ಪೆನ್ಸಿಲಿನಲ್ಲಿ ಇದ್ದುದನ್ನು ಸೊಸೆ ಕಂಡಿದ್ದಾಳೆ; ನಸುಕಿನಲ್ಲಿ ಗುಂಡಿ ಒತ್ತಿ ಪಡೆಯುವ 9 ನಿಮಿಷದ ಮರುನಿದ್ದೆಯು ಇಲ್ಲಿ 10 ನಿಮಿಷ 48 ಸೆಕೆಂಡು ಆಗುವುದನ್ನೂ ಅವರು ಬರೆದಿಟ್ಟಿದ್ದಾರೆ. ಮಗನು ತನ್ನ ಬಟ್ಟೆಗಳನ್ನು ಬಿಟ್ಟು, ಚೀಲದಲ್ಲಿ ಜಾಗ ಮಾಡಿ ತಂದ ವಸ್ತುವಿನಲ್ಲಿ ದೋಷವಿದೆ ಎಂಬ ವಾಕ್ಯವನ್ನು ಮಾತ್ರ ಅವರು ಎಲ್ಲಿಯೂ ಬರೆದಿಲ್ಲ.

ಪರಿಹಾರ ಇಲ್ಲದಿಲ್ಲ. ಇಂಥ ಕೆಲವು ಗಡಿಯಾರಗಳಲ್ಲಿ 50 ಮತ್ತು 60 ಆವರ್ತನಗಳ ನಡುವೆ ಆಯ್ದುಕೊಳ್ಳುವ ಗುಂಡಿಯೇ ಇರುತ್ತದೆ. ಇಲ್ಲದಿದ್ದರೆ, ಒಳಗಿನ ಬಿಲ್ಲೆಯು ಅದಕ್ಕೆ ಆಸ್ಪದ ಕೊಟ್ಟಲ್ಲಿ, ಕೋಠಿಯ ಗುಜರಾತಿ ಗಲ್ಲಿಯಲ್ಲಿ ಕುಳಿತ ಬಲ್ಲವನು ಒಂದು ತಂತಿ ಬೆಸೆದು ಎಣಿಕೆಯನ್ನು ತಿದ್ದಿಯಾನು. ಆದರೆ ತಿದ್ದಿದ ಯಂತ್ರವು ನಿಜವಾದ 4.30ಕ್ಕೇ ಎದ್ದು, ಪ್ರಸಾರವಿಲ್ಲದ ರೇಡಿಯೊದ ಸುಸ್ಸೆಂಬ ಶಬ್ದದಿಂದ ಮನೆಮಂದಿಯನ್ನೆಲ್ಲ ಎಬ್ಬಿಸುವುದೆಂಬ ಸತ್ಯವು ಹೊಳೆದೊಡನೆ, ದುರಸ್ತಿಗಾಗಿ ಗಲಾಟೆ ಮಾಡಿದ್ದ ಪಕ್ಷವೇ ದುರಸ್ತಿಯನ್ನು ವಿರೋಧಿಸಿತು. ಈಗ ಸೊಸೆಯು ತಾನಾಗಿ ಪ್ರತಿರಾತ್ರಿ 9ಕ್ಕೆ ಗಡಿಯಾರವನ್ನು ಸರಿಪಡಿಸುತ್ತಾಳೆ, ಮೊಮ್ಮಗಳು ಅಜ್ಜನಿಗಿಂತ ಮುಂಚೆ ಸ್ನಾನ ಮುಗಿಸುತ್ತಾಳೆ, ಬ್ರಾಹ್ಮೀ ಮುಹೂರ್ತವು ಭಕ್ತಿಗೀತೆ ಸಹಿತ 6ಕ್ಕೆ ನೆರವೇರುತ್ತದೆ. ಭಾನುವಾರ ಫೋನು ಮಾಡುವ ಮಗನು ಗಡಿಯಾರ ಹೇಗಿದೆಯೆಂದು ವಿಚಾರಿಸಿದಾಗ ಅಜ್ಜನವರು ಕೊಡುವ ವರದಿ ಇಷ್ಟೇ: “ಏಕದಮ್ ಛಲೋ ನಡದದಪಾ. ಇಲ್ಲೀ ಸೂರ್ಯಾನೇ ಸ್ವಲ್ಪ ಮುಂದ ನಡದಾನ.”