ಸ್ಟೆಪ್ನಿ ಹೊರುವ ಭಾಗ್ಯ

ಗಂಡಸಿಗೆ ನಲವತ್ತೈದು ದಾಟಿದ ಮೇಲೆ ಸಕ್ಕರೆ ಕಾಯಿಲೆ, ಅಧ್ಯಾತ್ಮ, ಸೈಟು ಈ ಮೂರರಲ್ಲಿ ಒಂದು ಹಿಡಿದೇ ಹಿಡಿಯುತ್ತದೆ ಎಂಬುದು ನಮ್ಮ ಅತ್ತೆಯವರ ಸಿದ್ಧಾಂತ. ನನಗೆ ಹಿಡಿದದ್ದು ಜಿಪ್ಸಿ. ಅವರ ಪಟ್ಟಿಯಲ್ಲಿ ಅದು ಇರಲಿಲ್ಲವಾದ್ದರಿಂದ ಪಥ್ಯ ಏನೆಂದು ಅವರಿಗೂ ಹೊಳೆಯಲಿಲ್ಲ.

ಜಿಪ್ಸಿ ಗೊತ್ತಲ್ಲ? ಮಾರುತಿಯವರು 1985ರಲ್ಲಿ ತಂದ ಗಾಡಿ. ಪೊಲೀಸರು, ಸೈನಿಕರು, ಅರಣ್ಯ ಇಲಾಖೆಯವರು, ಎಸ್ಟೇಟಿನ ಸಾಹುಕಾರರು ಎಲ್ಲರೂ ಅದರಲ್ಲಿ ಕುಲುಕಿಸಿಕೊಂಡವರೇ. 2019ರ ಹೊತ್ತಿಗೆ ನಮ್ಮಂಥ ಸಾಮಾನ್ಯ ಗಿರಾಕಿಗಳಿಗೆ ಹೊಸ ಜಿಪ್ಸಿ ಸಿಗುವುದು ನಿಂತುಹೋಯಿತು. ಅಂಗಡಿಯಲ್ಲಿ ಇರುವಷ್ಟು ದಿನ ತಿರುಗಿಯೂ ನೋಡದೆ, ಸಿಗುವುದಿಲ್ಲ ಎಂದಮೇಲೆ ಬೇಕೇಬೇಕೆನ್ನುವುದು ನನ್ನ ಜಾಯಮಾನ. ಬಾಳೆಹೊನ್ನೂರು ಕಡೆಯ ಪ್ಲಾಂಟರೊಬ್ಬರ ಶೆಡ್ಡಿನಲ್ಲಿ ಹಾರ್ಡ್ ಟಾಪ್ ಜಿಪ್ಸಿ ಕಿಂಗ್ ಒಂದು ನಿಂತಿದೆ ಎಂಬ ಸುದ್ದಿ ಹಿಡಿದು ಹೋದೆ. ಕಾಫಿ ಬೀಜದ ವಾಸನೆ, ನಾಯಿಯ ವಾಸನೆ ಸಮೇತ ಮನೆಗೆ ತಂದೆ.

ಅದು ಫೋರ್ ವೀಲ್ ಡ್ರೈವ್ ಗಾಡಿ. ನಾನು ಚಿಕ್ಕಮಗಳೂರಿನ ಸಹಕಾರಿ ಬ್ಯಾಂಕೊಂದರ ಗುಮಾಸ್ತ. ಮನೆಯಿಂದ ಬ್ಯಾಂಕಿನವರೆಗೆ ಪೂರ್ತಿ ಡಾಂಬರು. ಆ ದಾರಿಯಲ್ಲಿ ಸಿಗುವ ಅತಿ ದುರ್ಗಮ ಪ್ರದೇಶವೆಂದರೆ ಹೈಸ್ಕೂಲಿನ ಮುಂದಿನ ಹಂಪು.

ದುರ್ಗಮ ಪ್ರದೇಶಕ್ಕೆ ತಕ್ಕ ಟೈರು ಬೇಡವೇ? ಕಂಪನಿಯವರು ಕೊಟ್ಟದ್ದು 205/70 ಆರ್15 ಅಳತೆಯದು. ನೆಲದಿಂದ ಎತ್ತರ ಇಪ್ಪತ್ತಾರು ಇಂಚು ಚಿಲ್ಲರೆ. ಗಾಡಿಯನ್ನು ಸ್ವಲ್ಪ ಮೇಲೆತ್ತಿಸಿ, ಮೂವತ್ತೊಂದು ಇಂಚಿನ ಮಡ್ ಟೈರು ಹಾಕಿಸಿದೆ. ಕೆಸರನ್ನು ಕಿತ್ತೆಸೆಯಲೆಂದೇ ಮಾಡಿದ ದಪ್ಪ ದಪ್ಪ ಗುಬುಟಿನ ಟೈರುಗಳು. ನಮ್ಮ ಡಾಂಬರಿನ ಮೇಲೆ ಅವು ಜೇನುಗೂಡು ಎದ್ದಂತೆ ಗುಂಯ್ ಎನ್ನುತ್ತಿದ್ದವು. ಎದುರು ಮನೆಯವರು ಅದನ್ನು ಕೇಳಿ ಹಾಲಿಗೆ ನೀರು ಬೆರೆಸಲು ಶುರುಮಾಡುತ್ತಿದ್ದರು. ಅವರ ಕಾಫಿಯ ಹೊತ್ತಿಗೂ ನಾನು ಬ್ಯಾಂಕಿನಿಂದ ಬರುವ ಹೊತ್ತಿಗೂ ತಾಳೆ ಇತ್ತು.

ನಾಲ್ಕು ಚಕ್ರ ದೊಡ್ಡದಾದ ಮೇಲೆ ಐದನೆಯದನ್ನು ಚಿಕ್ಕದಾಗಿ ಬಿಡುವಂತಿಲ್ಲ. ಒಂದೇ ಆಕ್ಸಲಿನಲ್ಲಿ ಒಂದು ಚಕ್ರ ಎತ್ತರ, ಇನ್ನೊಂದು ಗಿಡ್ಡ ಆದರೆ ಗಾಡಿ ಒಂದು ಕಡೆ ಎಳೆಯುತ್ತದೆ, ಒಳಗಿನ ಡಿಫರೆನ್ಷಿಯಲ್ ಗಿಯರುಗಳು ಸುಮ್ಮನೆ ಸವೆಯುತ್ತವೆ. ಹಾಗಾಗಿ ಸ್ಟೆಪ್ನಿಯೂ ಮೂವತ್ತೊಂದು ಇಂಚಿನದೇ ಬಂತು. ಕಬ್ಬಿಣದ ರಿಮ್ಮು ಸೇರಿ ಅದರ ತೂಕ ಮೂವತ್ತು ಕಿಲೋ ದಾಟುತ್ತದೆ. ಅದು ತೂಗುವುದು ಎಲ್ಲಿ? ಹಿಂಬಾಗಿಲ ಮೇಲೆ. ಆ ಬಾಗಿಲು ಮಾಡಿದ ಪುಣ್ಯಾತ್ಮ ಚಿಕ್ಕ ಟೈರಿನ ತೂಕಕ್ಕೆ ಲೆಕ್ಕ ಹಾಕಿ ಹಿಂಜು ಕೊಟ್ಟಿದ್ದ. ಮುಂದೊಂದು ದಿನ ಚಿಕ್ಕಮಗಳೂರಿನಲ್ಲಿ ನಾನೊಬ್ಬ ಗಂಟುಬೀಳುತ್ತೇನೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಕೆಲವೇ ತಿಂಗಳಲ್ಲಿ ಬಾಗಿಲು ಜೋತುಬಿತ್ತು. ಮೇಲಿನ ಹಿಂಜಿನ ಬುಡದಲ್ಲಿ ಪೇಂಟು ಕೂದಲೆಳೆಯಷ್ಟು ಬಿರುಕುಬಿಟ್ಟು, ಆ ಗೆರೆಯಿಂದ ಮಳೆ ಬಂದಾಗಲೆಲ್ಲ ತುಕ್ಕಿನ ನೀರು ಇಳಿದು ಕೆಂಪು ನಾಮ ಹಾಕುತ್ತಿತ್ತು. ಮುಚ್ಚುವಾಗ ಬಾಗಿಲ ನಾಲಿಗೆ ಲಾಕಿನ ಬಾಯಿಗೆ ಸಿಗದೆ ಅರ್ಧ ಇಂಚು ಕೆಳಗೆ ಬಡಿಯುತ್ತಿತ್ತು. ಇದಕ್ಕೆ ನನ್ನವಳು ತನ್ನದೇ ಒಂದು ವಿಧಾನ ಕಂಡುಕೊಂಡಳು. ತರಕಾರಿ ಚೀಲ ಒಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ಟೆಪ್ನಿಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದು, ಉಸಿರು ಕಟ್ಟಿ ಮೇಲೆತ್ತಿ, ಭುಜದಿಂದ ಒಂದು ಗುದ್ದು. ಸಂತೆಯಲ್ಲಿ ಜನ ನಿಂತು ನೋಡುತ್ತಿದ್ದರು. ನಾನು ಡ್ರೈವರ್ ಸೀಟಿನಲ್ಲಿ ಕೂತು ಕನ್ನಡಿ ಸರಿಮಾಡಿಕೊಳ್ಳುತ್ತಿದ್ದೆ.

"ರೀ, ಈ ಬಾಗಿಲಿಗೆ ಏನಾದ್ರೂ ಮಾಡಿಸ್ತೀರೋ, ಇಲ್ಲ ನಾನೇ ಗುಜರಿಗೆ ಹಾಕ್ಲೋ?" ಎಂದಳು. ಗುಜರಿಗೆ ಹಾಕುವುದು ಯಾವುದನ್ನು ಎಂದು ಅವಳೂ ಬಿಡಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ.

ವೆಲ್ಡಿಂಗ್ ಮೇಸ್ತ್ರಿ ಬಿರುಕಿನ ಮೇಲೆ ಉಗುರಾಡಿಸಿ ನೋಡಿದರು. "ಸಾರ್, ಇಲ್ಲಿ ವೆಲ್ಡಿಂಗ್ ಹೊಡೆದ್ರೆ ಪಕ್ಕದಲ್ಲಿ ಸೀಳ್ತದೆ. ತಗಡಲ್ವಾ? ಭಾರ ಇಳಿಸಿ ಸಾರ್, ಭಾರ," ಎಂದರು. ನಾನು ಹೊಟ್ಟೆ ಒಳಗೆಳೆದುಕೊಂಡೆ. ಅವರು ಹೇಳಿದ್ದು ಸ್ಟೆಪ್ನಿಯ ವಿಷಯ.

ಭಾರ ಇಳಿಸುವ ಉಪಾಯದ ಹೆಸರು ಸ್ವಿಂಗ್ ಅವೇ ಕ್ಯಾರಿಯರ್. ಸ್ಟೆಪ್ನಿಯನ್ನು ಬಾಗಿಲಿನಿಂದ ಬಿಡಿಸಿ, ಬೇರೆಯದೇ ಒಂದು ಕಬ್ಬಿಣದ ತೋಳಿಗೆ ಸಿಕ್ಕಿಸುವುದು. ತೋಳಿನ ಒಂದು ತುದಿ ಬಂಪರಿನ ಮೂಲೆಯಲ್ಲಿ ನೆಟ್ಟಗೆ ನಿಂತ ಗೂಟದ ಮೇಲೆ ತಿರುಗುತ್ತದೆ, ಇನ್ನೊಂದು ತುದಿ ಎದುರು ಮೂಲೆಯಲ್ಲಿ ಲಾಕ್ ಆಗುತ್ತದೆ. ಮೊದಲು ತೋಳನ್ನು ಪಕ್ಕಕ್ಕೆ ಸರಿಸಿ, ಆಮೇಲೆ ಹಗುರಾದ ಬಾಗಿಲನ್ನು ತೆಗೆಯುವುದು. ರಾತ್ರಿ ಊಟದ ಹೊತ್ತಿಗೆ ಇದನ್ನು ಚಪಾತಿ, ಚಮಚದ ಸಹಾಯದಿಂದ ಮನೆಯವರಿಗೆಲ್ಲ ವಿವರಿಸಿದೆ.

"ಅಂದ್ರೆ, ಬಾಗಿಲು ತೆಗೆಯೋಕೆ ಮುಂಚೆ ಇನ್ನೊಂದು ಬಾಗಿಲು ತೆಗೀಬೇಕು?" ಎಂದಳು ಇವಳು.

"ಅಪ್ಪ, ನಿಮ್ಮ ಬ್ಯಾಂಕಿನ ಸ್ಟ್ರಾಂಗ್ ರೂಮಿನ ಹಾಗೆ," ಎಂದಳು ಮಗಳು.

ಇತಿಹಾಸದ ನೆರವು ಬೇಕಾಯಿತು. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿಗೆ ಹಿಂಬಾಗಿಲೇ ಇರಲಿಲ್ಲ, ಸ್ಟೆಪ್ನಿ ಹಿಂದೆ ಆರಾಮಾಗಿ ತೂಗುತ್ತಿತ್ತು. 1945ರಲ್ಲಿ ಅದೇ ಕಂಪನಿ ರೈತರಿಗಾಗಿ ಸಿಜೆ-2ಎ ಜೀಪು ಮಾಡಿದಾಗ ಸಾಮಾನು ಹೇರಲೆಂದು ಹಿಂಬಾಗಿಲು ಇಟ್ಟರು, ಅಡ್ಡವಾದ ಸ್ಟೆಪ್ನಿಯನ್ನು ಜೀಪಿನ ಪಕ್ಕಕ್ಕೆ ಹಾಕಿದರು. ಹೀಗೆ ಬಾಗಿಲಿಗೂ ಸ್ಟೆಪ್ನಿಗೂ ಜಗಳ ಹಳೆಯದು ಎಂದೆಲ್ಲ ಹೇಳಿದೆ.

"ಬಾಗಿಲ ಮೇಲೆ ಭಾರ ಹಾಕ್ಬಾರ್ದು ಅಂತ ಅವರಿಗೆ 1945ರಲ್ಲೇ ಗೊತ್ತಿತ್ತಾ?" ಎಂದಳು ಇವಳು. "ಅದಿರ್ಲಿ, ಹಳೇ ಚಿಕ್ಕ ಟೈರನ್ನೇ ವಾಪಸ್ ಹಾಕ್ಸಿದ್ರೆ?"

ಆ ಕ್ಷಣದಲ್ಲಿ ನನಗೊಂದು ಫೋನು ಬಂತು. ಫೋನು ರಿಂಗಾಗಿರಲಿಲ್ಲ ಎಂಬುದನ್ನು ಅತ್ತೆ ಮಾತ್ರ ಗಮನಿಸಿದರು.

ಕೆಲಸ ಶುರುವಾಯಿತು. ಲೇತ್ ಅಂಗಡಿಯವರು ಗೂಟವನ್ನು ಕಡೆದು ಕೊಟ್ಟರು. ಅದನ್ನು ಬಂಪರಿನ ಮೇಲ್ಭಾಗಕ್ಕಷ್ಟೇ ಅಂಟಿಸಿದರೆ ಸಾಲದು; ತೂತು ಕೊರೆದು ಕೆಳಗಿನವರೆಗೆ ಇಳಿಸಿ, ಮೇಲೂ ಕೆಳಗೂ ಎರಡೂ ಕಡೆ ವೆಲ್ಡಿಂಗ್ ಆಗಬೇಕು. ಅದರ ಮೇಲೆ ಕೂರುವ ಹಬ್ಬಿನೊಳಗೆ ಎರಡು ಟೇಪರ್ ಬೇರಿಂಗು, ಕಾರಿನ ಚಕ್ರದಲ್ಲಿ ಇರುವಂಥವೇ. ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ಲಾಕು ಕೊಂಡೆ. ಮದುವೆ ಸೀರೆ ಆರಿಸುವಾಗ ಅಂಗಡಿಯಾಚೆ ನಿಂತು ಆಕಳಿಸಿದ್ದ ನಾನು ಅಲ್ಲಿ ಲಾಕನ್ನು ಬೆಳಕಿಗೆ ಹಿಡಿದು, ತಿರುಗಿಸಿ, "ಇನ್ನೊಂದು ತೋರಿಸಿ" ಎಂದದ್ದನ್ನು ಇವಳು ಪಕ್ಕದಲ್ಲೇ ನಿಂತು ನೋಡಿದಳು.

ತೋಳು ತಯಾರಾದ ಮೇಲೆ ಮೇಸ್ತ್ರಿ ಹೇಳಿದರು: ಕಂಪನಿ ಬಂಪರು ಇದನ್ನು ತಡೆಯುವುದಿಲ್ಲ. ಸರಿ, ಚಾಸಿಗೇ ಬೋಲ್ಟು ಬಿಗಿಯುವ ದಪ್ಪ ಬಂಪರು ಬಂತು. ಬಂಪರು ಬಂದ ಮೇಲೆ ಗಾಡಿ ಹಿಂದಕ್ಕೆ ಕುಕ್ಕರಿಸಿತು. ಸರಿ, ಹಿಂದಿನ ಕಮಾನಿಗೆ ಒಂದೊಂದು ಪ್ಲೇಟು ಹೆಚ್ಚಾಗಿ ಸೇರಿತು. ಮೂವತ್ತು ಕಿಲೋ ಇಳಿಸಲು ಹೊರಟವನು ಎಷ್ಟು ಏರಿಸಿದೆ ಎಂದು ಮೇಸ್ತ್ರಿಗೆ ಗೊತ್ತು. ಬಿಲ್ಲು ಕಿಲೋ ಲೆಕ್ಕದಲ್ಲೇ ಬಂದದ್ದು.

ಕ್ಯಾರಿಯರ್ ಮಾತ್ರ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಲಾಕಿನ ಹಿಡಿ ಎಳೆದು ಒಂದು ಬೆರಳಲ್ಲಿ ನೂಕಿದರೆ ಸಾಕು, ಗ್ರೀಸಿನಲ್ಲಿ ಮುಳುಗಿದ ಬೇರಿಂಗಿನ ಮೇಲೆ ಅಷ್ಟು ದೊಡ್ಡ ಚಕ್ರ ಸದ್ದಿಲ್ಲದೆ ತೇಲಿಹೋಗುತ್ತಿತ್ತು. ಮುಚ್ಚುವಾಗ ತೋಳಿನ ತುದಿ ಇಳಿಜಾರಿನ ನೈಲಾನ್ ದಿಂಡಿನ ಮೇಲೆ ಹತ್ತಿ ಕೂರುತ್ತದೆ. ಹಾಗಾಗಿ ಭಾರವೆಲ್ಲ ದಿಂಡಿನ ಮೇಲೆ, ಲಾಕಿಗೆ ಹಿಡಿದುಕೊಳ್ಳುವ ಕೆಲಸವಷ್ಟೇ. ಆದರೆ ನಮ್ಮದು ಮಲೆನಾಡಿನ ಅಂಗಳ, ಅದೂ ಇಳಿಜಾರು. ತೇಲಿಹೋದದ್ದು ತೇಲಿಕೊಂಡೇ ವಾಪಸು ಬಂತು. ಇವಳು ತೆಂಗಿನಕಾಯಿ ಚೀಲ ಇಳಿಸಲು ಬಗ್ಗಿದ್ದಾಗ ಹಿಂದಿನಿಂದ ಸ್ಟೆಪ್ನಿ ಬಂದು ನಯವಾಗಿ ಒಳಗೆ ನೂಕಿತು. ಮಾರನೆಯ ದಿನವೇ ತೋಳು ತೆರೆದಾಗ ತಾನಾಗಿ ಬೀಳುವ ಸ್ಪ್ರಿಂಗ್ ಪಿನ್ ಹಾಕಿಸಿದೆ. ಈಗ ಕ್ರಮ ಇಷ್ಟು: ಹಿಡಿ ಎಳೆ, ತೋಳು ನೂಕು, ಪಿನ್ ಬಿತ್ತೇ ನೋಡು, ಬಾಗಿಲು ತೆಗೆ, ಸಾಮಾನು ಇಡು; ಆಮೇಲೆ ಇದೇ ಕ್ರಮದಲ್ಲಿ ಹಿಂದಕ್ಕೆ. ಅಷ್ಟರಲ್ಲಿ ಮಳೆ ಬಂದರೆ ಕೊತ್ತಂಬರಿ ಸೊಪ್ಪು ಒಗೆದ ಬಟ್ಟೆಯಾಗುತ್ತದೆ.

ಸಂತೆಯಲ್ಲಿ ಬೇರೆಯದೇ ತೊಡಕು. ತೋಳು ತಿರುಗಲು ಗಾಡಿಯ ಹಿಂದೆ ಒಂದು ಮಾರು ಜಾಗ ಬೇಕು. ಸಂತೆಯ ದಿನ ಗಾಡಿಯ ಹಿಂದೆ ಒಂದು ಗೇಣು ಜಾಗ ಉಳಿದರೂ ಅಲ್ಲಿ ಒಂದು ಆಟೋ ನಿಲ್ಲುತ್ತದೆ. ಆದ್ದರಿಂದ ಈಗ ಇವಳು ತರಕಾರಿಯನ್ನು ಮುಂದಿನ ಸೀಟಿನಲ್ಲಿ, ಕಾಲಬುಡದಲ್ಲಿ, ತೊಡೆಯ ಮೇಲೆ ಇಟ್ಟುಕೊಂಡು ಬರುತ್ತಾಳೆ. ಹಿಂಬಾಗಿಲು ಪರಮ ಹಗುರವಾಗಿ, ಪರಮ ಸುಖವಾಗಿ ಮುಚ್ಚಿಕೊಂಡೇ ಇರುತ್ತದೆ.

ವಕೀಲನಾದ ನನ್ನ ಭಾವಮೈದುನ ಬಂದವನು ಗಾಡಿಯ ಸುತ್ತ ಪ್ರದಕ್ಷಿಣೆ ಹಾಕಿದ. "ಭಾವ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದಿದ್ದೀರಾ? ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಗೂ ತಾಳೆ ತಪ್ಪೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ," ಎಂದ. ಆರ್‌ಸಿಯಲ್ಲಿ ಸ್ಟೆಪ್ನಿ ಎಲ್ಲಿ ತೂಗಬೇಕೆಂದು ಬರೆದಿಲ್ಲವಲ್ಲ ಎಂದೆ. "ನಂಬರ್ ಪ್ಲೇಟ್ ಮರೆಯಾಗಿದೆಯಲ್ಲ? ಅದು ಕಾಣ್ಬೇಕು, ರಾತ್ರಿ ಅದರ ಮೇಲೆ ಬೆಳಕೂ ಬೀಳ್ಬೇಕು," ಎಂದ. ಅದು ನಿಜ. ಪ್ಲೇಟನ್ನೂ ದೀಪವನ್ನೂ ಈಚೆ ತರಿಸುವುದಾಗಿ ಒಪ್ಪಿಕೊಂಡೆ. ಅವನ ಕಣ್ಣು ಟೈರಿನ ಅಳತೆಯ ಕಡೆ ಇಳಿಯುತ್ತಿದ್ದದ್ದು ಕಂಡು, ಒಳಗಿನಿಂದ ಕೋಡುಬಳೆ ತಟ್ಟೆ ತಂದು ಅವನ ಮುಂದೆ ಹಿಡಿದೆ.

ಕ್ಯಾರಿಯರಿನ ನಿಜವಾದ ಉಪಯೋಗ ಕಂಡುಹಿಡಿದವರು ಅತ್ತೆ. ಅಂಗಳದಲ್ಲಿ ತೋಳು ತೆರೆದು, ಪಿನ್ ಬೀಳಿಸಿ, ಅದಕ್ಕೆ ಪುಟ್ಟಬಾಳೆಯ ಗೊನೆಯೊಂದನ್ನು ಹಗ್ಗ ಹಾಕಿ ತೂಗುಬಿಟ್ಟರು. ಇಲಿ ಹತ್ತಲಾರದು, ಗಾಳಿಯಾಡುತ್ತದೆ, ಮಕ್ಕಳ ಕೈಗೆಟುಕುತ್ತದೆ. ಗೊನೆ ಖಾಲಿಯಾಗುವವರೆಗೆ ನಾನು ಬ್ಯಾಂಕಿಗೆ ನಡೆದುಕೊಂಡು ಹೋದೆ.

ಪಂಚರ್ ಆದದ್ದು ಮೂಡಿಗೆರೆ ದಾರಿಯಲ್ಲಿ, ಇವಳ ತವರಿಗೆ ಹೋಗುವಾಗ. ನನಗೆ ಒಳಗೊಳಗೇ ಹಿಗ್ಗು. ಹಿಡಿ ಎಳೆದೆ, ತೋಳು ತೇಲಿತು, ನಟ್ಟು ಬಿಚ್ಚಿ ಸ್ಟೆಪ್ನಿ ಇಳಿಸಿದೆ. ಇಳಿಸಿದೆ ಅನ್ನುವುದಕ್ಕಿಂತ ಅದು ಇಳಿಯಿತು, ನಾನು ಪಕ್ಕಕ್ಕೆ ಹಾರಿದೆ. ಚಕ್ರ ಬದಲಾಯಿಸಿದ್ದೂ ಆಯಿತು. ಈಗ ಪಂಚರಾದದ್ದನ್ನು ಮೇಲೆ ಸಿಕ್ಕಿಸಬೇಕು. ಗಾಡಿ ಎತ್ತರಿಸಿ, ಬಂಪರು ಎತ್ತರಿಸಿ, ತೋಳಿನ ಬೋಲ್ಟು ನನ್ನ ಎದೆಮಟ್ಟಕ್ಕೆ ಬಂದು ನಿಂತಿತ್ತು. ಚಕ್ರವನ್ನು ಮೊಣಕಾಲವರೆಗೆ ಎತ್ತಿದೆ. ಅಲ್ಲಿಂದ ಮುಂದೆ ಚಕ್ರಕ್ಕೂ ನನಗೂ ಭಿನ್ನಾಭಿಪ್ರಾಯ.

ಶುಂಠಿ ಹೇರಿಕೊಂಡು ಬರುತ್ತಿದ್ದ ಪಿಕಪ್ ಒಂದು ನಿಂತಿತು. ಮೂಟೆಗಳ ಮೇಲೆ ಕೂತಿದ್ದ ಹುಡುಗ ಇಳಿದು ಬಂದು ಚಕ್ರವನ್ನು ತೊಡೆಗೊಮ್ಮೆ ಒರಗಿಸಿ, ಎತ್ತಿ, ಬೋಲ್ಟಿಗೆ ಕೂರಿಸಿ, ಕೈ ಕೊಡವಿಕೊಂಡ. ಶುಂಠಿ ಮೂಟೆ ಎಂದರೆ ಅರವತ್ತು ಕಿಲೋ. "ಇದೇನ್ ಸಾರ್, ಅರ್ಧ ಮೂಟೆ," ಎಂದ.

ಮುಂದಿನ ದಾರಿಯುದ್ದಕ್ಕೂ ಇವಳು ಮಾತಾಡಲಿಲ್ಲ. ತವರಿನ ಗೇಟು ಕಾಣಿಸಿದಾಗ ಲೆಕ್ಕ ಒಪ್ಪಿಸಿದಳು: "ಬಾಗಿಲ ಭಾರ ತೋಳಿಗೆ ಹೋಯ್ತು, ತೋಳಿಂದು ಬಂಪರಿಗೆ, ಬಂಪರಿಂದು ಕಮಾನಿಗೆ, ಎಲ್ಲದರ ಭಾರ ಮನೆಖರ್ಚಿಗೆ. ಇಳಿದಿದ್ದು ಎಲ್ಲಿ, ತೋರ್ಸಿ?" ದಿನವಿಡೀ ಜಮಾ-ಖರ್ಚು ಬರೆಯುವ ನನಗೆ ಆ ಪುಸ್ತಕದಲ್ಲಿ ಒಂದು ತಪ್ಪೂ ಸಿಗಲಿಲ್ಲ.

ಆದರೂ ನನ್ನ ತೀರ್ಪು ಕ್ಯಾರಿಯರಿನ ಪರವಾಗಿಯೇ. ದೊಡ್ಡ ಟೈರು ಹಾಕಿಸಿದವರು ಬಾಗಿಲು ಸೀಳುವ ಮೊದಲೇ ಮಾಡಿಸಿಕೊಳ್ಳಿ. ಗೂಟ ಬಂಪರನ್ನು ಹಾದು ಕೆಳಗಿನವರೆಗೆ ಇಳಿದಿರಲಿ, ಬೇರಿಂಗ್ ಎರಡಿರಲಿ, ತೆರೆದ ತೋಳನ್ನು ಹಿಡಿಯುವ ಪಿನ್ ಮರೆಯಬೇಡಿ, ನಂಬರ್ ಪ್ಲೇಟಿಗೆ ಸ್ಟೆಪ್ನಿ ಅಡ್ಡ ಬರದಿರಲಿ. ಇದೆಲ್ಲಕ್ಕೂ ಮೊದಲು ಒಂದು ಸ್ಟೆಪ್ನಿಯನ್ನು ನೆಲದಿಂದ ಎದೆಮಟ್ಟಕ್ಕೆ ಒಮ್ಮೆ ಎತ್ತಿ ನೋಡಿ. ಎತ್ತಲಾಗದಿದ್ದರೆ ಹಳೆಯ ಟೈರೇ ಸಾಕು. ಎತ್ತಿಬಿಟ್ಟರೆ ದಯವಿಟ್ಟು ತಿಳಿಸಿ: ಮುಂದಿನ ತಿಂಗಳು ಮತ್ತೆ ಮೂಡಿಗೆರೆಗೆ ಹೊರಟಿದ್ದೇವೆ, ಹಿಂದಿನ ಸೀಟಿನಲ್ಲಿ ಒಬ್ಬರಿಗೆ ಜಾಗವಿದೆ, ಊಟ ನಮ್ಮದೇ.