ಎಲ್ಲರೂ ಜೋಸೆಫ್, ಎಲ್ಲರೂ ಮರೀ

ಕೆನಡಾದ ಕ್ವಿಬೆಕ್‌ನಲ್ಲಿ ಮುತ್ತಜ್ಜನನ್ನು ಹುಡುಕುವವರಿಗೆ ಕಾಗದಪತ್ರದ ಬರವಿಲ್ಲ. 17ನೇ ಶತಮಾನದಿಂದಲೇ ಚರ್ಚಿನ ದಫ್ತರಗಳಿವೆ. ಗೋಳೇನಿದ್ದರೂ ಹೆಸರಿನದು. ದೀಕ್ಷಾಸ್ನಾನದ ಪುಟ ತೆರೆದರೆ ಗಂಡುಮಕ್ಕಳೆಲ್ಲ ಜೋಸೆಫ್, ಹೆಣ್ಣುಮಕ್ಕಳೆಲ್ಲ ಮರೀ. ಮನೆಯಲ್ಲಿ ಕರೆಯುವ ಹೆಸರು ಸಾಲಿನ ಕೊನೆಗೆ. ಮನೆತನದ ಹೆಸರೋ, ಕೆಲವರಿಗೆ ಎರಡೆರಡು! 1665ರಲ್ಲಿ ಬಂದಿಳಿದ ಫ್ರೆಂಚ್ ಸೇನೆಯ ಕಾರಿನ್ಯಾನ್-ಸಾಲಿಯೇರ್ ದಳದ ಸಿಪಾಯಿಗಳಿಗೆ ಲಾಫ್ಲರ್, ಸಾನ್‌ಸೂಸಿ ಎಂಬಂಥ ದಂಡಿನ ಅಡ್ಡಹೆಸರುಗಳು. ನಡುವೆ ‘ಎಂದು ಕರೆಯುವ’ ಎಂಬರ್ಥದ ‘ದಿ’ ಸೇರಿಸಿಕೊಂಡು ಅವು ಮಕ್ಕಳಿಗೂ ಅಂಟಿಕೊಂಡವು. ಅಣ್ಣ ಒಂದನ್ನಿಟ್ಟುಕೊಂಡ, ತಮ್ಮ ಇನ್ನೊಂದನ್ನು. ಮೊಮ್ಮಕ್ಕಳ ಕಾಲಕ್ಕೆ ದಾಯಾದಿಗಳೇ ಅಪರಿಚಿತರು. ಅಮೆರಿಕದ ನ್ಯೂ ಇಂಗ್ಲೆಂಡಿನ ಗಿರಣಿಗೆ ಹೋದ ಬುವಾವೇರ್ (ಅರ್ಥ ‘ಹಸಿರು ಕಾಡು’) ಅಲ್ಲಿ ಗ್ರೀನ್‌ವುಡ್ ಆಗಿ ಕೂತ, ಪುಣ್ಯಾತ್ಮ! ಹೆಂಗಸರೇ ವಾಸಿ: ದಫ್ತರದಲ್ಲಿ ಸಾಮಾನ್ಯವಾಗಿ ಸಾಯುವತನಕ ತವರಿನ ಹೆಸರೇ. ಈಗಂತೂ ಗಂಡನ ಹೆಸರಿಗೆ ಆಸೆಪಟ್ಟರೂ 1981ರಿಂದ ಕಾನೂನು ಬಿಡದು. ಯಜಮಾನರು ಮುನಿಸಿಕೊಂಡರೆ ಸರ್ಕಾರವನ್ನೇ ಕೇಳಿಕೊಳ್ಳಲಿ.